ಬೇರೆ ಗ್ರಹದ ಜನರನ್ನು ಗಮನಕೊಟ್ಟು ನೋಡುವುದು ಹೇಗೆ

ಭಾನುವಾರ ಸಂಜೆ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಐದಾರು ಜನ ಸೇರುತ್ತೇವೆ. ದಾವಣಗೆರೆ ಅಂದ ಮೇಲೆ ಖಾರ ಮಂಡಕ್ಕಿ, ಮಿರ್ಚಿ ಇದ್ದೇ ಇರುತ್ತೆ. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಯಾವುದಾದರೂ ಸೈನ್ಸ್ ಫಿಕ್ಷನ್ ಹಾಕುತ್ತೇವೆ. ಒಂದು ವಾರ ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಸರಣಿಯಿಂದ, ಕ್ಲಿಂಗಾನ್ ಅನ್ನುವ ಅನ್ಯಗ್ರಹದ ಜನರ ಎಪಿಸೋಡ್ ಹಾಕಿದ್ದೆ. ಹಣೆ ಮೇಲೆ ಮೂಳೆಯ ಏಣು ಎದ್ದಿರುವ, ಮಾತೆತ್ತಿದರೆ ಕತ್ತಿ ಹಿರಿಯುವ ಯೋಧರು ಅವರು. ಆರನೇ ಕ್ಲಾಸಿನ ಅಕ್ಕನ ಮಗಳು ಕಾಲು ಗಂಟೆ ಸುಮ್ನೆ ನೋಡಿದಳು. ಆಮೇಲೆ ಕೇಳಿದಳು: "ಮಾವ, ಇವರ ಊರಲ್ಲಿ ಎಲ್ಲರೂ ಬರೀ ಹೊಡೆದಾಡ್ತಾರಾ? ಅಡುಗೆ ಯಾರು ಮಾಡ್ತಾರೆ? ಮೇಷ್ಟ್ರು ಇಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷದಿಂದ ಇಂಥವನ್ನು ನೋಡುತ್ತಾ ಬಂದಿದ್ದೇನೆ. ಆ ಪ್ರಶ್ನೆ ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ. ಆಮೇಲೆ ನಾವೆಲ್ಲ ಸೇರಿ, ಪ್ರಶ್ನೆ ಕೇಳುತ್ತಾ ನೋಡುವ ಒಂದು ಕ್ರಮ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೆರೆ ಮೇಲೆ ಕಾಣುವವರು ಒಂದು ಜನ ಅನ್ನಿಸುತ್ತಾರೋ, ವೇಷ ಹಾಕಿದ ನಟರ ಗುಂಪು ಅನ್ನಿಸುತ್ತಾರೋ ಅನ್ನುವುದನ್ನು ಇದರಿಂದ ಬೇರೆ ಮಾಡಿ ನೋಡಬಹುದು.

ಮೊದಲು ಇಷ್ಟು ಮಾಡಿಕೊಳ್ಳಿ

200 ಪುಟದ ಒಂದು ನೋಟ್‌ಬುಕ್ ಸಾಕು. ಇಡೀ ಸ್ಟಾರ್ ಟ್ರೆಕ್, ಇಡೀ ಸ್ಟಾರ್ ವಾರ್ಸ್ ಅಂತ ಹೊರಡಬೇಡಿ, ಮುಗಿಯುವುದಿಲ್ಲ. ಒಂದೇ ಒಂದು ಜನಾಂಗ ಆರಿಸಿಕೊಳ್ಳಿ. ಮೊದಲ ಸಲ ಪೆನ್ನು ಮುಟ್ಟದೆ ಖುಷಿಯಾಗಿ ನೋಡಿ. ಬರೆಯುವುದೆಲ್ಲ ಎರಡನೇ ಸಲಕ್ಕೆ ಇರಲಿ.

ಪ್ರತಿ ಟಿಪ್ಪಣಿಯ ಪಕ್ಕ ಆ ಎಪಿಸೋಡ್ ಅಥವಾ ಸಿನಿಮಾ ಬಂದ ವರ್ಷ ಹಾಕಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಹಳ ಮುಖ್ಯ. ದೊಡ್ಡ ಫ್ರಾಂಚೈಸಿಗಳಲ್ಲಿ, ಅಂದರೆ ಒಂದೇ ಕಥಾಲೋಕದ ಮೇಲೆ ಸಾಲಾಗಿ ಬರುವ ಸಿನಿಮಾ, ಸರಣಿಗಳಲ್ಲಿ, ಒಂದೇ ಜನಾಂಗ ಮೂವತ್ತು ನಲವತ್ತು ವರ್ಷ ಬರುತ್ತಾ ಇರುತ್ತದೆ. ಬರೆಯುವವರು ಬದಲಾಗುತ್ತಾರೆ, ಕಾಲ ಬದಲಾಗುತ್ತೆ. 1967ರ ಕ್ಲಿಂಗಾನ್ ಬೇರೆ, 1991ರ ಕ್ಲಿಂಗಾನ್ ಬೇರೆ. ವರ್ಷ ಬರೆದುಕೊಂಡಿದ್ದರೆ ಯಾವುದು ಯಾಕೆ ಬದಲಾಯಿತು ಅಂತ ಆಮೇಲೆ ಗೊತ್ತಾಗುತ್ತೆ.

ಹೆಜ್ಜೆ 1: ನೆಲ, ನೀರು ನೋಡಿ

ಮುಖ ನೋಡುವ ಮುಂಚೆ ನೆಲ ನೋಡಿ. ಅವರಿಗೆ ಸೂರ್ಯ ಎಷ್ಟು? ನೀರು ಎಲ್ಲಿಂದ? ಏನು ತಿಂತಾರೆ? ಯಾವುದಕ್ಕೆ ಬರ?

ಚೀನಾದ ಲಿಯು ಸಿಶಿನ್ ಬರೆದ ತ್ರೀ ಬಾಡಿ ಪ್ರಾಬ್ಲಮ್ ಕಾದಂಬರಿ 2008ರಲ್ಲಿ ಪುಸ್ತಕವಾಗಿ ಬಂತು. 2024ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಆಯಿತು. ಅದರ ಅನ್ಯಗ್ರಹದವರಿಗೆ ಮೂರು ಸೂರ್ಯರು. ಯಾವಾಗ ಯಾವ ಸೂರ್ಯ ಹುಟ್ಟುತ್ತಾನೆ, ಎಷ್ಟು ಹತ್ತಿರ ಬರುತ್ತಾನೆ ಅಂತ ಲೆಕ್ಕಕ್ಕೆ ಸಿಗುವುದಿಲ್ಲ. ಕೆಟ್ಟ ಕಾಲ ಬಂದಾಗ ಆ ಜನ ಮೈಯಲ್ಲಿನ ನೀರನ್ನೆಲ್ಲ ಬಿಟ್ಟುಕೊಟ್ಟು ಒಣಗಿದ ತೊಗಲಿನ ಹಾಗೆ ಆಗುತ್ತಾರೆ. ಸುತ್ತಿ ಇಟ್ಟುಬಿಡಬಹುದು. ಒಳ್ಳೆ ಕಾಲ ಬಂದಾಗ ನೀರಿಗೆ ಹಾಕಿದರೆ ಮತ್ತೆ ಎದ್ದು ಕೂರುತ್ತಾರೆ. ಅವರ ಹಟ, ಅವರ ಭಯ, ನಮ್ಮ ಭೂಮಿ ಮೇಲೆ ಕಣ್ಣು ಹಾಕುವುದು, ಎಲ್ಲ ಆ ಮೂರು ಸೂರ್ಯರಿಂದಲೇ ಹುಟ್ಟುತ್ತೆ. ನಮಗೆ ಅತಿ ಹತ್ತಿರದ ಆಲ್ಫಾ ಸೆಂಟಾರಿಯಲ್ಲಿ ನಿಜಕ್ಕೂ ಮೂರು ನಕ್ಷತ್ರಗಳಿವೆ, ನಾಲ್ಕು ಚಿಲ್ಲರೆ ಬೆಳಕಿನ ವರ್ಷ ದೂರದಲ್ಲಿ.

ಈ ಕತೆ ಚಿತ್ರದುರ್ಗದ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. ನಮ್ಮ ಜನ ಮಾರಿಕಣಿವೆ ಅಂತಾರೆ. ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ಬಿತ್ತು ಅಂತ ಕೇಳಿ ನಾವೂ ಹೋಗಿದ್ದೆವು. ಜಾತ್ರೆ ಹಾಗೆ ಜನ. ನನ್ನ ಪಕ್ಕ ಒಬ್ಬ ಅಜ್ಜಿ ಅರಿಶಿನ ಕುಂಕುಮದ ಪೊಟ್ಟಣ ಬಿಚ್ಚಿ ನೀರಿಗೆ ಹಾಕಿದರು. ಒಂದು ಬೊಗಸೆ ನೀರು ತೆಗೆದು ಮೊಮ್ಮಗನ ತಲೆ ಮೇಲೆ ಸುರಿದರು. "ನಮ್ಮಪ್ಪ ಹೇಳ್ತಿದ್ರು ಕಣಪ್ಪ, ಇವತ್ತು ಕಂಡೆ" ಅಂದರು. ಕೋಡಿ ಬೀಳುವುದನ್ನು ತನ್ನ ಕಣ್ಣಿಂದ ಕಾಣದೆಯೇ ಒಂದು ತಲೆಮಾರು ಕಳೆದುಹೋಗಿತ್ತು. ನೀರಿನ ಬಗ್ಗೆ ಅಂಥ ಜನ ಆಡುವ ಮಾತು, ಮಾಡುವ ಪೂಜೆ, ಕಟ್ಟುವ ಹರಕೆ ಬೇರೆಯೇ ಆಗಿರುತ್ತೆ, ಅಲ್ವಾ? ಅನ್ಯಗ್ರಹದ ಕತೆಯಲ್ಲಿ ಹುಡುಕಬೇಕಾದ್ದು ಇಂಥದ್ದನ್ನು.

ಡ್ಯೂನ್ ಕಾದಂಬರಿಯ (1965) ಫ್ರೆಮೆನ್ ಜನ ಏಲಿಯನ್‌ಗಳಲ್ಲ, ಮನುಷ್ಯರೇ. ಆದರೂ ಈ ಹೆಜ್ಜೆಗೆ ಅವರಿಗಿಂತ ಒಳ್ಳೆ ಉದಾಹರಣೆ ಇಲ್ಲ. ಮರಳುಗಾಡಿನ ಅವರ ನಾಯಕ ಅತಿಥಿಯ ಮುಂದೆ ಉಗುಳುತ್ತಾನೆ. ಸುತ್ತ ಇದ್ದವರಿಗೆ ಸಿಟ್ಟು ಬರುತ್ತೆ. ಒಬ್ಬ ಮಾತ್ರ ತಡೆದು ಹೇಳುತ್ತಾನೆ, ಇದು ಗೌರವ ಅಂತ. ನೀರಿಲ್ಲದ ನಾಡಿನಲ್ಲಿ ತನ್ನ ಮೈಯ ನೀರನ್ನೇ ಕೊಡುವುದು ದೊಡ್ಡ ಮರ್ಯಾದೆ.

ಈಗ ಸ್ಟಾರ್ ವಾರ್ಸ್ ಸಿನಿಮಾಗಳನ್ನು ನೋಡಿ. ಟಾಟೂಯಿನ್ ಅಂದರೆ ಪೂರ್ತಿ ಮರಳು, ಹಾತ್ ಅಂದರೆ ಪೂರ್ತಿ ಹಿಮ, ಎಂಡಾರ್ ಅಂದರೆ ಪೂರ್ತಿ ಕಾಡು. ಕಣ್ಣಿಗೆ ಬಹಳ ಚೆಂದ. ಯಾವ ಗ್ರಹದಲ್ಲಿದ್ದೇವೆ ಅಂತ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತೆ, ಆ ಕಾರಣಕ್ಕೇ ಹಾಗೆ ಮಾಡುತ್ತಾರೆ. ಆದರೆ ಒಂದು ಇಡೀ ಗ್ರಹಕ್ಕೆ ಒಂದೇ ಹವಾಮಾನ ಅನ್ನುವುದನ್ನು ನನ್ನಿಂದ ಒಪ್ಪಲಿಕ್ಕೆ ಆಗುವುದಿಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಅಭ್ಯಾಸ ಮಾಡಿ. ಆ ಲೆಕ್ಕದಲ್ಲಿ ಚಿತ್ರದುರ್ಗ ಜಿಲ್ಲೆಯನ್ನು ಬರೆಯಿರಿ: "ಇಲ್ಲಿ ಎಲ್ಲೆಲ್ಲೂ ಬಂಡೆ. ಎಲ್ಲರೂ ಕೋಟೆಯಲ್ಲಿ ಇರುತ್ತಾರೆ. ಎಲ್ಲರ ಕೈಯಲ್ಲೂ ಒನಕೆ." ಆಮೇಲೆ ಅದರ ಕೆಳಗೆ ನಿಜವಾದ ಜಿಲ್ಲೆಯನ್ನು ಬರೆಯಿರಿ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು, ಚಳ್ಳಕೆರೆಯ ಶೇಂಗಾ, ಎಣ್ಣೆ ಗಿರಣಿ, ಕಂಬಳಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ. ಕಾಡುಗೊಲ್ಲರ ಹಟ್ಟಿ, ಮ್ಯಾಸಬೇಡರ ದೇವರ ಎತ್ತುಗಳು, ಲಂಬಾಣಿ ತಾಂಡಾ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರಯಾನ-2ರ ಪರೀಕ್ಷೆಗೆ ಅಂತ ಇಸ್ರೋ ಚಂದ್ರನ ಕುಳಿಗಳ ಹಾಗೆ ಗುಂಡಿ ತೋಡಿಸಿದ್ದನ್ನೂ ಸೇರಿಸಿ. ಒಂದು ಜಿಲ್ಲೆಯೇ ಇಷ್ಟು. ಒಂದು ಗ್ರಹ ಎಷ್ಟಿರಬೇಕು?

ಹೆಜ್ಜೆ 2: ಮೈ ಕೈ ನೋಡಿ

ಸ್ಟಾರ್ ಟ್ರೆಕ್‌ನಲ್ಲಿ ಬಹಳಷ್ಟು ಅನ್ಯಗ್ರಹದವರು ನಮ್ಮ ಹಾಗೇ ಎರಡು ಕೈ, ಎರಡು ಕಾಲು, ಹಣೆಯಲ್ಲೋ ಮೂಗಿನಲ್ಲೋ ಒಂದಿಷ್ಟು ವ್ಯತ್ಯಾಸ. ಕಾರಣ ಸರಳ. ಒಳಗೆ ಇರುವುದು ನಟ, ಮತ್ತು ಟಿವಿ ಸರಣಿಯ ಮೇಕಪ್ಪಿಗೆ ಇಷ್ಟೇ ದುಡ್ಡು, ಇಷ್ಟೇ ಸಮಯ. 1967ರಲ್ಲಿ ಕ್ಲಿಂಗಾನರು ಮೊದಲು ಬಂದಾಗ ಹಣೆ ನಮ್ಮ ಹಾಗೇ ನುಣುಪು. 1979ರಲ್ಲಿ ದೊಡ್ಡ ಬಜೆಟ್ಟಿನ ಸಿನಿಮಾ ಬಂತು, ಹಣೆಗೆ ಏಣು ಬಂತು. ಈ ವ್ಯತ್ಯಾಸಕ್ಕೆ ಕತೆಯೊಳಗೇ ಒಂದು ಕಾರಣ ಕೊಟ್ಟಿದ್ದು 2005ರಲ್ಲಿ, ಒಂದು ವೈರಸ್ಸಿನ ಕತೆ ಮಾಡಿ. ಎಲ್ಲರೂ ಯಾಕೆ ಮನುಷ್ಯರ ಹಾಗಿದ್ದಾರೆ ಅನ್ನುವುದಕ್ಕೂ 1993ರ ಒಂದು ಎಪಿಸೋಡ್ ಉತ್ತರ ಕೊಡುತ್ತೆ: ಬಹಳ ಹಿಂದೆ ಇದ್ದ ಒಂದು ಜನಾಂಗ ಹಲವು ಗ್ರಹಗಳಲ್ಲಿ ತನ್ನ ಬೀಜ ಬಿತ್ತಿ ಹೋಗಿತ್ತಂತೆ. ಇಂಥ ತೇಪೆ ನನಗೆ ಇಷ್ಟ. ತಮ್ಮ ಲೋಕ ಹರಿದಲ್ಲಿ ಹೊಲಿದುಕೊಳ್ಳಬೇಕು ಅನ್ನುವ ಕಾಳಜಿ ಅದರಲ್ಲಿದೆ.

ನೀವು ನೋಡಬೇಕಾದ್ದು ಒಂದೇ. ಆ ದೇಹದಿಂದ ಬದುಕಿನಲ್ಲಿ ಏನಾದರೂ ಬದಲಾಗಿದೆಯಾ? ಅವತಾರ್ (2009) ಸಿನಿಮಾದ ನಾವಿ ಜನರ ಕೈಗೆ ನಾಲ್ಕೇ ಬೆರಳು. ಹಾಗಾಗಿ ಅವರ ಎಣಿಕೆ ಹತ್ತರ ಲೆಕ್ಕದಲ್ಲಿಲ್ಲ, ಎಂಟರ ಲೆಕ್ಕದಲ್ಲಿದೆ. ಇದು ನನಗೆ ಒಪ್ಪಿಗೆ. ನಮ್ಮ ಅಜ್ಜಿ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತಾ ಒಂದು ಕೈಯಲ್ಲಿ ಹನ್ನೆರಡು ಎಣಿಸುತ್ತಿದ್ದರು. ಹದಿನಾರಾಣೆಯ ರೂಪಾಯಿ ಹೋಗಿ ಎಷ್ಟೋ ವರ್ಷ ಆದರೂ "ಹದಿನಾರಾಣೆ ಸತ್ಯ" ಅನ್ನುವ ಮಾತು ಉಳಿದಿದೆ. ಲೆಕ್ಕ ಬೆರಳಿನಿಂದ ಹುಟ್ಟಿ ಮಾತಿನಲ್ಲಿ ಉಳಿಯುತ್ತೆ. ಆದರೆ ಅದೇ ಸಿನಿಮಾದಲ್ಲಿ ಕುದುರೆಯಂಥ ಪ್ರಾಣಿಗೆ ಆರು ಕಾಲು, ನಾವಿ ಜನರಿಗೆ ಮಾತ್ರ ನಮ್ಮ ಹಾಗೆ ನಾಲ್ಕೇ ಅಂಗ. ನೋಡುವವರಿಗೆ ಅವರ ಮೇಲೆ ಪ್ರೀತಿ ಬರಬೇಕು, ಅದಕ್ಕೇ ಹೀಗೆ ಮಾಡಿದ್ದಾರೆ ಅಂತ ನನ್ನ ಲೆಕ್ಕ.

ಈ ಹೆಜ್ಜೆಯಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಟೆಡ್ ಚಿಯಾಂಗ್. 1998ರ ಅವನ ಕತೆಯ ಮೇಲೆ 2016ರಲ್ಲಿ ಅರೈವಲ್ ಸಿನಿಮಾ ಬಂತು. ಅದರ ಜೀವಿಗಳಿಗೆ ಏಳು ಕಾಲು. ಕತೆಯಲ್ಲಿ ಸುತ್ತಲೂ ಏಳು ಕಣ್ಣು ಕೂಡ ಇವೆ. ಹಾಗಾದರೆ ಅವರಿಗೆ ಮುಂದೆ ಯಾವುದು, ಹಿಂದೆ ಯಾವುದು? ಎರಡೂ ಇಲ್ಲ. ತೆರೆ ಮೇಲೆ ಅವರ ಬರಹ ಮಸಿಯ ಬಳೆಯ ಹಾಗೆ ಗುಂಡಗೆ ಮೂಡುತ್ತೆ, ಅದಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಹಿಂದು ಮುಂದಿಲ್ಲದ ಮೈ, ಹಿಂದು ಮುಂದಿಲ್ಲದ ಬರಹ, ಕೊನೆಗೆ ನಿನ್ನೆ ನಾಳೆ ಎರಡೂ ಒಟ್ಟಿಗೇ ಕಾಣುವ ಮನಸ್ಸು. ಒಂದರಿಂದ ಒಂದು ಬಿಚ್ಚಿಕೊಳ್ಳುತ್ತಾ ಹೋಗುತ್ತೆ.

ಹೆಜ್ಜೆ 3: ಮಾತು ಕೇಳಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಮೊದಲು ಸಬ್‌ಟೈಟಲ್ ಆಫ್ ಮಾಡಿ, ಕಣ್ಣು ಮುಚ್ಚಿ ಎರಡು ನಿಮಿಷ ಬರೀ ಕೇಳಿ.

1977ರ ಸ್ಟಾರ್ ವಾರ್ಸ್‌ನ ಸದ್ದುಗಳನ್ನು ಮಾಡಿದವರು ಬೆನ್ ಬರ್ಟ್. ಮರಳುಗಾಡಿನ ಕುಳ್ಳ ಜಾವಾಗಳ ಮಾತಿಗೆ ಆಫ್ರಿಕಾದ ಜುಲು ಭಾಷೆಯ ಸದ್ದನ್ನು ಆಧಾರವಾಗಿ ತೆಗೆದುಕೊಂಡು ವೇಗ ಹೆಚ್ಚಿಸಿದರು. ಹಸಿರು ಮುಖದ ಗ್ರೀಡೋನ ಮಾತಿಗೆ ದಕ್ಷಿಣ ಅಮೆರಿಕದ ಕೆಚುವಾ ಭಾಷೆ ಆಧಾರ. ಕೆಲಸ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಒಂದು ಕಸಿವಿಸಿ ಇದೆ. ಜುಲು ಮಾತಾಡುವ ಒಬ್ಬ ತಾಯಿ ಮಗುವನ್ನು ಕರೆದುಕೊಂಡು ಥಿಯೇಟರಿಗೆ ಹೋದಳು ಅಂದುಕೊಳ್ಳಿ. ನಮ್ಮ ಕನ್ನಡವನ್ನೇ ಯಾರೋ ವೇಗವಾಗಿ ಓಡಿಸಿ ವಿಚಿತ್ರ ಜೀವಿಯ ಬಾಯಿಗೆ ಹಾಕಿದ್ದರೆ ನಮಗೆ ಹೇಗಾಗುತ್ತಿತ್ತು? ಯಾರ ಮಾತು ಯಾರ ಕಿವಿಗೆ ಅನ್ಯಗ್ರಹದ್ದು ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಕ್ಲಿಂಗಾನರ ಭಾಷೆಯ ದಾರಿ ಬೇರೆ. 1979ರ ಸಿನಿಮಾಕ್ಕೆ ಅದರ ಮೊದಲ ಕೆಲವು ಮಾತು ಕಟ್ಟಿದ್ದು ಜೇಮ್ಸ್ ಡೂಹನ್, ಸರಣಿಯಲ್ಲಿ ಇಂಜಿನಿಯರ್ ಪಾತ್ರ ಮಾಡಿದ ನಟ. ಆಮೇಲೆ ಮಾರ್ಕ್ ಓಕ್ರಾಂಡ್ ಅನ್ನುವ ಭಾಷಾ ವಿಜ್ಞಾನಿ 1984ರ ಸಿನಿಮಾಕ್ಕಾಗಿ ಅದನ್ನು ಪೂರ್ತಿ ಭಾಷೆಯಾಗಿ ಬೆಳೆಸಿದರು. 1985ರಲ್ಲಿ ನಿಘಂಟು ಬಂತು. ಇಂಗ್ಲಿಷ್ ಕಿವಿಗೆ ಆದಷ್ಟೂ ವಿಚಿತ್ರ ಅನ್ನಿಸಲಿ ಅಂತ ಪದಗಳ ಸಾಲನ್ನೇ ತಿರುಗಿಸಿದರು. ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಮಾಡಿದವನು. ಅಂದರೆ "ದೋಸೆ ತಿಂದೆ ನಾನು."

ಇಲ್ಲಿ ಒಂದು ಕ್ಷಣ ನಿಲ್ಲಿ. "ದೋಸೆ ತಿಂದೆ ನಾನು" ಅನ್ನುವುದು ನಮಗೆ ವಿಚಿತ್ರವಾ? ಬೆಣ್ಣೆ ದೋಸೆ ಹೋಟೆಲಿನಿಂದ ಹೊರಗೆ ಬಂದವರ ಬಾಯಲ್ಲಿ ದಿನಾ ಕೇಳುವ ಮಾತು. ಬರೆಯುವಾಗ "ನಾನು ದೋಸೆ ತಿಂದೆ" ಅಂತೀವಿ, ಆಡುವಾಗ ಹೇಗೆ ತಿರುಗಿಸಿದರೂ ಕನ್ನಡ ತಡೆದುಕೊಳ್ಳುತ್ತೆ. ಅಷ್ಟೇ ಅಲ್ಲ, ಕ್ಲಿಂಗಾನ್ ಭಾಷೆಯಲ್ಲಿ ಒಂದು ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತಾ ಹೋಗುತ್ತೆ. ನಮ್ಮ "ಮನೆಗಳಲ್ಲಿಯೂ" ಹಾಗೆ. ಅವರು ಅನ್ಯಗ್ರಹದ್ದು ಅಂತ ಕಟ್ಟಿದ ಎಷ್ಟೋ ಸಂಗತಿ ನಮ್ಮ ನಾಲಿಗೆ ಮೇಲೆ ಮೊದಲೇ ಇದೆ. ಇದು ಗೊತ್ತಾದ ದಿನ ನನಗೆ ಬಹಳ ಖುಷಿಯಾಯಿತು. ಈ ಸರಣಿಗಳನ್ನು ಕನ್ನಡದ ಕಿವಿಯಿಂದಲೇ ಕೇಳಿ ಅಂತ ನಾನು ಹೇಳುವುದು ಅದಕ್ಕೇ.

ಇನ್ನೊಂದು, 1991ರ ಸ್ಟಾರ್ ಟ್ರೆಕ್ ಎಪಿಸೋಡ್, ಹೆಸರು ದರ್ಮಾಕ್. ಇದನ್ನು ತಪ್ಪಿಸಬೇಡಿ. ಅದರಲ್ಲಿ ಬರುವ ಟಮೇರಿಯನ್ ಜನರ ಮಾತನ್ನು ಯಂತ್ರ ಪದಪದವಾಗಿ ಅನುವಾದ ಮಾಡುತ್ತೆ, ಆದರೂ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಇಬ್ಬರು ವೀರರ ಹೆಸರು, ಒಂದು ದ್ವೀಪದ ಹೆಸರು, ಅಷ್ಟೇ. ಆ ವೀರರ ಕತೆ ಗೊತ್ತಿದ್ದವನಿಗೆ ಮಾತ್ರ ಅರ್ಥ: ಬೇರೆ ಬೇರೆಯಾಗಿ ಬಂದ ಇಬ್ಬರು ಒಂದು ಮೃಗದ ವಿರುದ್ಧ ಒಟ್ಟಿಗೆ ಹೋರಾಡಿ ಗೆಳೆಯರಾದರು, ನಾವೂ ಹಾಗೆ ಆಗೋಣ ಬಾ. ನಮ್ಮ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಇದನ್ನು ಹಿಡಿದವಳು ಅಕ್ಕನ ಮಗಳೇ. "ಅಜ್ಜಿ ಹೀಗೇ ಮಾತಾಡೋದು ಮಾವ! ಬೆಳಿಗ್ಗೆ ನಂಗೆ ಕುಂಭಕರ್ಣ ಅಂದ್ರು, ಅಪ್ಪಂಗೆ ಶಕುನಿ ಅಂದ್ರು." ನಿಜ. ನಿಘಂಟು ಹಿಡಿದು ಬಂದ ಹೊರಗಿನವನಿಗೆ ಒನಕೆ ಅಂದರೆ ಭತ್ತ ಕುಟ್ಟುವ ಮರದ ತುಂಡು. ದುರ್ಗದವರಿಗೆ ಹಾಗಲ್ಲ. ಓಬವ್ವ, ಕಿಂಡಿ, ನೀರು ತರಲು ಹೋದ ಹೆಣ್ಣುಮಗಳು, ಎಲ್ಲ ಆ ಒಂದು ಪದದ ಹಿಂದೆ ನಿಂತಿದೆ.

ಬರಹವನ್ನೂ ನೋಡಿ. ಗೋಡೆ, ಬೋರ್ಡು, ಯಂತ್ರಗಳ ಮೇಲೆ ಅಕ್ಷರ ಕಾಣಿಸಿದರೆ ಅಲ್ಲೇ ನಿಲ್ಲಿಸಿ ನೋಡಿ. ಸ್ಟಾರ್ ವಾರ್ಸ್‌ನ ಔರೆಬೆಶ್ ಲಿಪಿಯಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಗುರುತು. ಅಂದರೆ ಅಕ್ಷರ ಬದಲಾಗಿದೆ, ಭಾಷೆ ಇಂಗ್ಲಿಷೇ. ಮಕ್ಕಳಿಗೆ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಬಿಡಿಸುತ್ತಾರೆ. ಆಟಕ್ಕೆ ಚೆನ್ನ, ಆದರೆ ಆ ಬರಹದ ಹಿಂದೆ ಒಂದು ನಾಡು ಕಾಣುವುದಿಲ್ಲ.

ನಾಡು ಕಾಣುವ ಬರಹ ಹೇಗಿರುತ್ತೆ ಅಂತ ನೋಡಬೇಕಾದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. ಅಲ್ಲಿ ಅಶೋಕನ ಶಾಸನದ ಬಂಡೆ ಇದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಲಿಪಿಯನ್ನು ಓದುವವರೇ ಇಲ್ಲದೆ ಶತಮಾನಗಳು ಕಳೆದಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ ಮೇಲೆಯೇ ಇಂಥ ಬಂಡೆಗಳು ಮಾತಾಡಿದ್ದು. ಶಾಸನದ ಕೊನೆಗೆ ಬರೆದವನ ಹೆಸರಿದೆ, ಚಪಡ. ಲಿಪಿಕಾರ ಅನ್ನುವ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆದಿಲ್ಲ, ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಹೋಗುವ ಆ ಲಿಪಿ ಈಗಿನ ಪಾಕಿಸ್ತಾನ, ಆಫ್ಘಾನಿಸ್ತಾನದ ಕಡೆಯದು. ನಾನು ಆ ಬಂಡೆ ಮುಂದೆ ಬಹಳ ಹೊತ್ತು ನಿಂತಿದ್ದೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಅವನು ಅಲ್ಲಿಯವನೇ ಇರಬೇಕು, ಇಲ್ಲವೇ ಅಲ್ಲಿ ಬರೆಯಲು ಕಲಿತವನು. ಒಂದೇ ಒಂದು ಪದವನ್ನು ಬೇರೆ ದಿಕ್ಕಿನಲ್ಲಿ ಬರೆದು, ತಾನು ದೂರದಿಂದ ಬಂದವನು ಅಂತ ಹೇಳಿಬಿಟ್ಟಿದ್ದಾನೆ. ಯಾವ ಅನ್ಯಗ್ರಹದ ಕತೆಯಲ್ಲಾದರೂ ಇಂಥ ಒಂದು ಪದ ಸಿಕ್ಕರೆ ಅದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಮಸಿಯಲ್ಲಿ ಬರೆಯಿರಿ.

ಹೆಜ್ಜೆ 4: ಅವರವರಲ್ಲೇ ಜಗಳ ಇದೆಯಾ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ಎಲ್ಲರೂ ಒಂದೇ ಮಾತು ಆಡಿದರೆ ಅದು ಜನ ಅಲ್ಲ, ಸಮವಸ್ತ್ರ. ಅವರಲ್ಲೇ ಒಬ್ಬ ಹೌದು ಅಂದು ಇನ್ನೊಬ್ಬ ಅಲ್ಲ ಅನ್ನಬೇಕು. ಮಗಳು ಅಪ್ಪನ ಮಾತು ಮೀರಬೇಕು.

ಫೆರೆಂಗಿಗಳನ್ನು ನೋಡಿ. 1987ರಲ್ಲಿ ಸ್ಟಾರ್ ಟ್ರೆಕ್‌ಗೆ ಬಂದಾಗ ಇವರೇ ಹೊಸ ವೈರಿಗಳು ಅನ್ನುವ ಹಾಗೆ ತೋರಿಸಿದರು. ಯಾರಿಗೂ ಹೆದರಿಕೆ ಬರಲಿಲ್ಲ. ಆಮೇಲೆ ದುಡ್ಡಿನಾಸೆಯ ವ್ಯಾಪಾರಿಗಳು ಅಂತ ಮಾಡಿದರು, ಎಲ್ಲರಿಗೂ ಅದೊಂದೇ ಗುಣ. ದೊಡ್ಡ ಕಿವಿ, ದುಡ್ಡಿನಾಸೆ ಎರಡೂ ಸೇರಿ, ಯಹೂದಿಗಳ ಬಗ್ಗೆ ಯುರೋಪಿನಲ್ಲಿದ್ದ ಹಳೆಯ ಅವಹೇಳನದ ಚಿತ್ರದ ಹಾಗಿದೆ ಅನ್ನುವ ಟೀಕೆ ಬಂತು. ಆ ಟೀಕೆ ಸರಿಯಾದದ್ದೇ.

1993ರಿಂದ 1999ರವರೆಗೆ ಬಂದ ಡೀಪ್ ಸ್ಪೇಸ್ ನೈನ್ ಅನ್ನುವ ಸ್ಟಾರ್ ಟ್ರೆಕ್ ಸರಣಿ ಇದೇ ಜನರನ್ನು ಒಂದು ಕುಟುಂಬವಾಗಿ ತೋರಿಸಿತು. ಅಣ್ಣ ಕ್ವಾರ್ಕ್ ಬಾರ್ ನಡೆಸುತ್ತಾನೆ. ತಮ್ಮ ರಾಮ್ ಅವನ ಕೈಕೆಳಗೆ ದುಡಿಯುತ್ತಾನೆ. 1996ರ ಒಂದು ಎಪಿಸೋಡಿನಲ್ಲಿ ರಾಮ್ ಕೆಲಸಗಾರರ ಸಂಘ ಕಟ್ಟಿ ಅಣ್ಣನ ವಿರುದ್ಧವೇ ಮುಷ್ಕರ ಹೂಡುತ್ತಾನೆ. ರಾಮ್‌ನ ಮಗ ವ್ಯಾಪಾರವೇ ಬೇಡ ಅಂತ ಸ್ಟಾರ್‌ಫ್ಲೀಟ್ ಅನ್ನುವ ಬಾಹ್ಯಾಕಾಶ ಪಡೆ ಸೇರುತ್ತಾನೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ಕೂತು ಆ ಮುಷ್ಕರದ ಎಪಿಸೋಡ್ ನೋಡುವುದೇ ಬೇರೆ. ನಮ್ಮ ದೊಡ್ಡಪ್ಪ ಮಿಲ್ಲಿನಲ್ಲಿ ದುಡಿದವರು. ಅವರು ಪೂರ್ತಿ ನೋಡಿ, "ಖಾಯಿಲೆ ಬಿದ್ರೂ ರಜ ಇಲ್ಲ ಅನ್ನೋನು ಎಲ್ಲಾ ಗ್ರಹದಾಗೂ ಇದ್ದಾನೆ" ಅಂದರು. ದೊಡ್ಡ ಕಿವಿ ಅವರ ಕಣ್ಣಿಗೆ ಬೀಳಲೇ ಇಲ್ಲ.

ಹೆಜ್ಜೆ 5: ಇದು ಯಾರ ನೆರಳು ಅಂತ ಕೇಳಿ

ಅನ್ಯಗ್ರಹದವರನ್ನು ಬರೆಯುವವರು ಭೂಮಿಯ ಮೇಲೆಯೇ ಇರುತ್ತಾರೆ. ಹಾಗಾಗಿ ಬರೆದ ವರ್ಷ, ಬರೆದ ದೇಶ ನೋಡಿ. ಎಚ್. ಜಿ. ವೆಲ್ಸ್ 1898ರ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಲಂಡನ್ ಮೇಲೆ ಇಳಿಸಿದ. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನವರು ಮಾಡಿದ್ದನ್ನು ಮೊದಲ ಅಧ್ಯಾಯದಲ್ಲೇ ನೆನಪಿಸಿದ. ಡಾಕ್ಟರ್ ಹೂ ಅನ್ನುವ ಬ್ರಿಟಿಷ್ ಟಿವಿ ಸರಣಿಯ ಡಾಲೆಕ್ ಅನ್ನುವ ಅನ್ಯಗ್ರಹದ ವೈರಿಗಳು 1963ರಲ್ಲಿ ಬಂದರು. ಅವರ ಹಿಂದೆ ನಾಜಿಗಳ ನೆರಳಿದೆ. ಕ್ಲಿಂಗಾನರ ಹಿಂದೆ ಶೀತಲ ಸಮರದ ಸೋವಿಯತ್ ಒಕ್ಕೂಟ ಇತ್ತು. 1991ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಅವರ ಗ್ರಹದ ಚಂದ್ರ ಸ್ಫೋಟವಾಗುತ್ತೆ, ಚೆರ್ನೋಬಿಲ್ ನೆನಪಾಗುವ ಹಾಗೆ. ಅವರ ನಾಯಕ ಶಾಂತಿಗೆ ಕೈ ಚಾಚುತ್ತಾನೆ, ಅವನ ಸೇನಾಪತಿಯೇ ಒಳಸಂಚು ಮಾಡುತ್ತಾನೆ. ಆ ಸಿನಿಮಾ ಬಿಡುಗಡೆಯಾದ ತಿಂಗಳೇ ಸೋವಿಯತ್ ಒಕ್ಕೂಟ ಮುಗಿಯಿತು.

ಡಿಸ್ಟ್ರಿಕ್ಟ್ ನೈನ್ (2009) ಕತೆ ನಡೆಯುವುದು ಜೋಹಾನ್ಸ್‌ಬರ್ಗ್‌ನಲ್ಲಿ. ಅನ್ಯಗ್ರಹದವರನ್ನು ಕೊಳೆಗೇರಿಯಲ್ಲಿ ಕೂಡಿಹಾಕಿ, ಸೀಗಡಿ ಅಂತ ಹೀಗಳೆಯುತ್ತಾರೆ. 1966ರಲ್ಲಿ ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಿಳಿಯರಿಗೆ ಮಾತ್ರ ಅಂತ ಘೋಷಿಸಿ ಉಳಿದವರನ್ನು ಎಬ್ಬಿಸಿದ ಇತಿಹಾಸ ಅದರ ಹಿಂದಿದೆ. ಗಟ್ಟಿ ಸಿನಿಮಾ. ಆದರೆ ಅದೇ ಸಿನಿಮಾ ನೈಜೀರಿಯಾದವರನ್ನೆಲ್ಲ ಬರೀ ಪುಂಡರನ್ನಾಗಿ ತೋರಿಸಿತು, ಆ ದೇಶದ ಸರ್ಕಾರ ವಿರೋಧಿಸಿತು. ಏಲಿಯನ್‌ಗೆ ಕೊಟ್ಟ ನ್ಯಾಯ ಅದೇ ಖಂಡದ ಇನ್ನೊಂದು ದೇಶದ ಮನುಷ್ಯನಿಗೆ ಸಿಗಲಿಲ್ಲ.

ಒಂದು ಜನಾಂಗಕ್ಕೆ ಒಂದೇ ಗುಣ ಅನ್ನುವುದು ಕತೆಯಲ್ಲಿ ಮಾತ್ರ ನಡೆದದ್ದಲ್ಲ. 1871ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ತೊಟ್ಟಿಲಲ್ಲಿದ್ದ ಕೂಸು ಕೂಡ ಆ ಪಟ್ಟಿಯ ಸಮುದಾಯದ್ದೇ. ಕಾಯ್ದೆ ಪೂರ್ತಿ ಹೋಗಿದ್ದು 1952ರಲ್ಲಿ. ಹಣೆಪಟ್ಟಿ ಅಷ್ಟು ಬೇಗ ಹೋಗಲಿಲ್ಲ. "ಆ ಗ್ರಹದವರೆಲ್ಲ ಮೋಸಗಾರರು" ಅಂತ ಯಾವುದಾದರೂ ಪಾತ್ರ ಹೇಳಿದಾಗ ನನಗೆ ಈ ಕಾಯ್ದೆ ನೆನಪಾಗುತ್ತೆ. ಆ ಮಾತನ್ನು ಕತೆ ಒಪ್ಪುತ್ತಾ, ಎದುರಿಸುತ್ತಾ ಅಂತ ನೋಡಿ ಬರೆದುಕೊಳ್ಳಿ.

ಯಾವುದರಿಂದ ಶುರು ಮಾಡುವುದು

ಮಕ್ಕಳ ಜೊತೆ ಆದರೆ ದರ್ಮಾಕ್, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ. ಆಮೇಲೆ ಅರೈವಲ್. ಅದು ನಿಧಾನ, ಮಧ್ಯೆ ಚಹಾಕ್ಕೆ ನಿಲ್ಲಿಸಬೇಡಿ. ಡಿಸ್ಟ್ರಿಕ್ಟ್ ನೈನ್ ದೊಡ್ಡವರಿಗೆ ಮಾತ್ರ, ಹಿಂಸೆ ಜಾಸ್ತಿ ಇದೆ. ಸ್ಟಾನಿಸ್ಲಾವ್ ಲೆಮ್‌ನ ಸೊಲಾರಿಸ್ (1961) ಕಾದಂಬರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಅನ್ಯಜೀವಿ ಅಂದರೆ ಒಂದು ಗ್ರಹವನ್ನೇ ಆವರಿಸಿದ ಸಮುದ್ರ. ಮಾತಿಲ್ಲ, ಕೈಯಿಲ್ಲ, ಊರಿಲ್ಲ. ಮೇಲೆ ಹೇಳಿದ ಯಾವ ಪ್ರಶ್ನೆಗೂ ಅದು ಉತ್ತರ ಕೊಡುವುದಿಲ್ಲ. ಹಾಗಾಗಿಯೇ ಓದಬೇಕು, ಆದರೆ ಮೊದಲೇ ಅಲ್ಲ.

ಕೊನೆಯ ಹೆಜ್ಜೆ: ಮೊದಲ ಪ್ರಶ್ನೆಗೆ ಮರಳಿ

ನೋಟ್‌ಬುಕ್ ಅರ್ಧ ತುಂಬಿದ ಮೇಲೆ ನಿಮಗೆ ಮೊದಲ ದಿನ ಬಂದ ಪ್ರಶ್ನೆಯನ್ನು ತೆಗೆದು, ಅದೇ ಫ್ರಾಂಚೈಸಿಯಲ್ಲಿ ಉತ್ತರ ಹುಡುಕಿ. ದೊಡ್ಡ ಸರಣಿಗಳಲ್ಲಿ ಬಹಳ ಸಲ ಸಿಗುತ್ತೆ. ನೋಡುತ್ತಾ ಬೆಳೆದ ಯಾರೋ ಒಬ್ಬರು ಮುಂದೆ ಬರೆಯುವವರಾಗಿ, ಅದೇ ಪ್ರಶ್ನೆ ಇಟ್ಟುಕೊಂಡು ಬಂದಿರುತ್ತಾರೆ.

ನಮಗೆ ಸಿಕ್ಕಿದ್ದು 2003ರ ಒಂದು ಎಪಿಸೋಡ್, ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ಸರಣಿಯದ್ದು, ಹೆಸರು ಜಡ್ಜ್‌ಮೆಂಟ್. ಕ್ಲಿಂಗಾನರ ಕೋರ್ಟು. ಭೂಮಿಯ ಕ್ಯಾಪ್ಟನ್ ಕಟಕಟೆಯಲ್ಲಿ ನಿಂತಿದ್ದಾನೆ. ಅವನ ಪರ ವಾದ ಮಾಡುವ ಕೋಲೋಸ್ ಒಬ್ಬ ಮುದಿ ಕ್ಲಿಂಗಾನ್ ವಕೀಲ. ಜೈಲಿನ ಮಬ್ಬು ಬೆಳಕಿನಲ್ಲಿ ಕೂತು ಆ ಮುದುಕ ಹೇಳುತ್ತಾನೆ. ನಾವೆಲ್ಲ ಸೈನಿಕರಲ್ಲ. ನನ್ನ ತಂದೆ ಮೇಷ್ಟ್ರು. ತಾಯಿ ಜೀವಶಾಸ್ತ್ರ ಓದಿದವಳು. ಈಗ ಹುಡುಗರೆಲ್ಲ ಆಯುಧ ಹಿಡಿಯಬೇಕು ಅಂತಾರೆ, ನಾವು ಸುಮ್ಮನಿದ್ದೆವು, ಯೋಧರು ಎಲ್ಲವನ್ನೂ ಹಿಡಿದುಕೊಂಡರು.

ಅಕ್ಕನ ಮಗಳು ರಿಮೋಟ್ ತೆಗೆದುಕೊಂಡು ಅಲ್ಲೇ ನಿಲ್ಲಿಸಿದಳು. ನನ್ನ ನೋಟ್‌ಬುಕ್ ಎಳೆದುಕೊಂಡು, ಮೊದಲ ಪುಟದಲ್ಲಿದ್ದ ತನ್ನ ಪ್ರಶ್ನೆಯ ಮುಂದೆ "ಮೇಷ್ಟ್ರು ಇದ್ದಾರೆ" ಅಂತ ಬರೆದಳು. ಪಕ್ಕದಲ್ಲಿ 2003 ಅಂತ ಹಾಕಿದಳು. ಆಮೇಲೆ "ಅಡುಗೆ ಬಾಕಿ ಇದೆ ಮಾವ" ಅಂದಳು.

ಅದೂ ಸಿಕ್ಕಿತು. 1993ರ ಡೀಪ್ ಸ್ಪೇಸ್ ನೈನ್‌ನಲ್ಲಿ ಒಬ್ಬ ದಪ್ಪನೆ ಕ್ಲಿಂಗಾನ್ ಬಾಣಸಿಗ ಬರುತ್ತಾನೆ. ಹೋಟೆಲ್ ನಡೆಸುತ್ತಾನೆ. ಊಟಕ್ಕೆ ಬಂದ ಹೆಂಗಸು ಬಡಿಸಿದ್ದು ಹಳಸಲು ಅಂತ ಗದರಿದರೆ ಅವನಿಗೆ ಖುಷಿಯಾಗುತ್ತೆ, ರುಚಿ ಗೊತ್ತಿರುವವರು ಬಂದರಲ್ಲ ಅಂತ. ಬೇರೆ ತಟ್ಟೆ ತಂದುಕೊಟ್ಟು, ವಾದ್ಯ ಹಿಡಿದು ಹಾಡುತ್ತಾನೆ. ಮುಂದಿನ ಭಾನುವಾರ ಅದನ್ನು ಹಾಕುತ್ತಿದ್ದೇವೆ. ಮಿರ್ಚಿ ಒಂದು ಡಜನ್ ಜಾಸ್ತಿ ಹೇಳಿದ್ದೇನೆ.